ಸೀಟ್ ಬೆಲ್ಟ್, ಕ್ಯಾಮೆರಾ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಅಧ್ಯಯನ ಪಾಠ: ರಸ್ತೆ ಸುರಕ್ಷತೆ

ಪಾಠದ ಉದ್ದೇಶ: ಸೀಟ್ ಬೆಲ್ಟ್ ಧರಿಸದವರನ್ನು ಹೆದ್ದಾರಿಯ ಕ್ಯಾಮೆರಾ ಹೇಗೆ ಗುರುತಿಸುತ್ತದೆ, ಅದು ಗುರುತಿಸಲಾಗದ್ದು ಯಾವುದು, ಉಳಿದ ಕೆಲಸದಲ್ಲಿ ಗ್ರಾಮ ಪಂಚಾಯತಿಯ ಪಾಲೆಷ್ಟು ಎಂಬುದನ್ನು ಮಾನ್ಯ ಸದಸ್ಯರು ತಿಳಿದು, ತಮ್ಮ ಸಾಮಾನ್ಯ ಸಭೆಯಲ್ಲಿ ಹಾಗೂ ಗ್ರಾಮ ಸಭೆಯಲ್ಲಿ ಚರ್ಚಿಸಿ ತೀರ್ಮಾನ ಕೈಗೊಳ್ಳಲು ಅನುಕೂಲವಾಗುವುದು.

1. ನಮ್ಮ ರಸ್ತೆಯ ಚಿತ್ರ

ಕಲಬುರಗಿ, ಜೇವರ್ಗಿ ಮಾರ್ಗವಾಗಿ ಬರುವ ರಾಷ್ಟ್ರೀಯ ಹೆದ್ದಾರಿ 50 ಸಿಂದಗಿಯನ್ನು ಹಾಯ್ದು ವಿಜಯಪುರ ತಲುಪಿ, ಅಲ್ಲಿಂದ ಮನಗೂಳಿಯ ಮೂಲಕ ಹೊಸಪೇಟೆಯ ಕಡೆಗೆ ಸಾಗುತ್ತದೆ. ಜಿಲ್ಲೆಯ ಕಬ್ಬು, ಹತ್ತಿ, ತೊಗರಿ ಸಾಗುವುದೂ ಇದೇ ರಸ್ತೆಯಲ್ಲಿ. ಗೋವಾ, ಮಹಾರಾಷ್ಟ್ರ, ಬೆಂಗಳೂರಿಗೆ ದುಡಿಯಲು ಹೋಗುವ ಜನರು ಸಂಚರಿಸುವುದೂ ಇದೇ ರಸ್ತೆಯಲ್ಲಿ.

2019ರ ಮಾರ್ಚ್ 22ರ ಶುಕ್ರವಾರ ನಸುಕಿನಲ್ಲಿ ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿ ಬಳಿ ಕ್ರೂಸರ್ ವಾಹನಕ್ಕೂ ಲಾರಿಗೂ ಮುಖಾಮುಖಿ ಡಿಕ್ಕಿಯಾಗಿ ಒಂಬತ್ತು ಜನರು ಮೃತಪಟ್ಟರು. ಅವರು ಗೋವಾ ಪ್ರವಾಸ ಮುಗಿಸಿಕೊಂಡು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಗೆ ಮರಳುತ್ತಿದ್ದವರು. 2025ರ ಮೇ 21ರಂದು ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿ ಬಳಿ ಕಾರೊಂದು ರಸ್ತೆ ವಿಭಜಕವನ್ನು ದಾಟಿ ಎದುರಿನ ಖಾಸಗಿ ಬಸ್ಸಿಗೆ ಡಿಕ್ಕಿಯಾಗಿ ಆರು ಜನರು ಸಾವಿಗೀಡಾದರು. ಅದೇ ವರ್ಷದ ಜನವರಿ 22ರ ಒಂದೇ ದಿನ ರಾಜ್ಯದಲ್ಲಿ ಇಂಥ ಎರಡು ದುರಂತಗಳ ಸುದ್ದಿ ಬಂದಿತು. ಯಲ್ಲಾಪುರ ತಾಲ್ಲೂಕಿನಲ್ಲಿ ತರಕಾರಿ, ಹಣ್ಣಿನ ಲಾರಿ ಉರುಳಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹತ್ತು ವ್ಯಾಪಾರಿಗಳು ಮಡಿದರು. ಸಿಂಧನೂರಿನ ಬಳಿ ಮಂತ್ರಾಲಯದ ಸಂಸ್ಕೃತ ವಿದ್ಯಾರ್ಥಿಗಳಿದ್ದ ವಾಹನ ಉರುಳಿ ಚಾಲಕ ಸೇರಿ ನಾಲ್ವರು ಮಡಿದರು.

ಈ ಪ್ರಕರಣಗಳಲ್ಲಿ ಬಹುಪಾಲು ಜನರು ಚಾಲಕರಲ್ಲ, ಪ್ರಯಾಣಿಕರು. ಸೀಟ್ ಬೆಲ್ಟ್ ಎಂದೊಡನೆ ಚಾಲಕ, ಕ್ಯಾಮೆರಾ, ದಂಡ ಎಂಬ ಮೂರು ಮಾತುಗಳಷ್ಟೇ ನೆನಪಿಗೆ ಬರುವ ಕಾರಣ, ಹಿಂದಿನ ಆಸನದವರ ವಿಚಾರ ಮರೆಗೆ ಸರಿಯುತ್ತದೆ. ಅಂಕಿ ಅಂಶಗಳು ಬೇರೆಯೇ ಹೇಳುತ್ತವೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮೃತಪಟ್ಟರು. ಅವರಲ್ಲಿ 16,715 ಜನರು ಸೀಟ್ ಬೆಲ್ಟ್ ಧರಿಸದೆ ಇದ್ದವರು. ಅವರ ಪೈಕಿ ಚಾಲಕರು 8,384, ಪ್ರಯಾಣಿಕರು 8,331. ಅಂದರೆ ಬೆಲ್ಟ್ ಧರಿಸದೆ ಸತ್ತವರಲ್ಲಿ ಸರಿಸುಮಾರು ಅರ್ಧದಷ್ಟು ಜನರು ವಾಹನ ಓಡಿಸುತ್ತಿರಲಿಲ್ಲ.

2. ಡಿಕ್ಕಿಯ ಲೆಕ್ಕ

ವಾಹನವು ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದರೆ ಒಳಗೆ ಕುಳಿತವರ ದೇಹವೂ ಅದೇ ವೇಗದಲ್ಲಿ ಸಾಗುತ್ತಿರುತ್ತದೆ. ಅದು ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿನ ಲಾರಿಗೆ ಬಡಿದು ವಾಹನ ನಿಂತರೂ ದೇಹ ನಿಲ್ಲುವುದಿಲ್ಲ; ಸ್ಟಿಯರಿಂಗ್, ಗಾಜು ಅಥವಾ ಮುಂದಿನ ಆಸನ ತಡೆಯುವವರೆಗೆ ಮುನ್ನುಗ್ಗುತ್ತದೆ. ಈ ಹೊಡೆತವು 14 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದಕ್ಕೆ ಸಮ. ಊರಿನ ಎತ್ತರದ ನೀರಿನ ಟ್ಯಾಂಕಿನ ಮೇಲಿನಿಂದ ಬಿದ್ದರೆ ಆಗುವಷ್ಟೇ ಪೆಟ್ಟು ಎಂದರೆ ಸದಸ್ಯರ ಅಂದಾಜಿಗೆ ಸಿಗಬಹುದು.

ಬೆಲ್ಟ್ ಧರಿಸಿದವರ ದೇಹವು ವಾಹನದ ಜೊತೆಗೇ ನಿಧಾನಗೊಳ್ಳುತ್ತದೆ. ವಾಹನದ ಮುಂಭಾಗ ಕುಗ್ಗುವುದು ಮತ್ತು ಬೆಲ್ಟ್ ಸ್ವಲ್ಪ ಹಿಗ್ಗುವುದು ಸೇರಿ ದೇಹ ನಿಲ್ಲಲು ಸುಮಾರು ಅರ್ಧ ಮೀಟರ್ ಅಂತರ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಆಗ 60 ಕೆ.ಜಿ. ತೂಕದ ವ್ಯಕ್ತಿಯ ಮೇಲೆ ಬೀಳುವ ಸರಾಸರಿ ಬಲ 17 ಕ್ವಿಂಟಲ್ ಭಾರದಷ್ಟು. ಬೆಲ್ಟ್ ಇಲ್ಲದೆ 10 ಸೆಂ.ಮೀ. ಅಂತರದಲ್ಲಿ ದೇಹ ನಿಲ್ಲಬೇಕಾಗಿ ಬಂದರೆ ಅದೇ ಬಲ 85 ಕ್ವಿಂಟಲ್ ಆಗುತ್ತದೆ. ಹದಿನೇಳು ಕ್ವಿಂಟಲ್ ಕೂಡ ಕಡಿಮೆಯೇನಲ್ಲ. ಆದರೆ ಬೆಲ್ಟ್ ಅದನ್ನು ದೇಹದ ಗಟ್ಟಿ ಭಾಗಗಳಾದ ಸೊಂಟದ ಎಲುಬು, ಎದೆಗೂಡು ಮತ್ತು ಭುಜಗಳಿಗೆ ಹಂಚುತ್ತದೆ. ಬೆಲ್ಟ್ ಇಲ್ಲದಿದ್ದರೆ ಎಂಬತ್ತೈದು ಕ್ವಿಂಟಲ್ ಬಲ ತಲೆ ಅಥವಾ ಎದೆಯ ಒಂದೇ ಕಡೆ ಬೀಳುತ್ತದೆ. ಬೆಲ್ಟ್ ಧರಿಸುವುದರಿಂದ ವಾಹನದಲ್ಲಿದ್ದವರ ಸಾವಿನ ಅಪಾಯ ಶೇ. 50ರವರೆಗೆ ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಈ ಕಾರಣಕ್ಕೆ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿದಿದ್ದೇನೆ ಎಂಬ ತಾಯಂದಿರ ಭರವಸೆಯನ್ನೂ ಇದೇ ಲೆಕ್ಕದಲ್ಲಿ ನೋಡಬೇಕು. 60 ಕಿ.ಮೀ. ವೇಗದ ಡಿಕ್ಕಿಯಲ್ಲಿ 10 ಕೆ.ಜಿ. ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು 280 ಕೆ.ಜಿ. ಭಾರವನ್ನು ತಡೆಯುವಷ್ಟು ಶಕ್ತಿ ಬೇಕು. ಯಾರ ತೋಳಿಗೂ ಅದು ಸಾಧ್ಯವಿಲ್ಲ. ಮಗು ಕೈಜಾರುವುದು ತಾಯಿಯ ಅಜಾಗ್ರತೆಯಿಂದಲ್ಲ, ಮಗುವಿಗೆ ಅದರದೇ ಆಸನ ಮತ್ತು ಪಟ್ಟಿ ಇಲ್ಲದಿರುವುದರಿಂದ.

ಹಿಂದಿನ ಆಸನ ಸುರಕ್ಷಿತವೆಂಬ ನಂಬಿಕೆಯೂ ತಪ್ಪು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಅಪಘಾತದಲ್ಲಿ ಟಾಟಾ ಸನ್ಸ್ ಸಂಸ್ಥೆಯ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮತ್ತು ಅವರ ಸಹಪ್ರಯಾಣಿಕರೊಬ್ಬರು ಮೃತಪಟ್ಟರು. ಇಬ್ಬರೂ ಹಿಂದಿನ ಆಸನದಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದರು. ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡರೂ ಬದುಕುಳಿದರು. ಕಾರು ಎಷ್ಟು ಬೆಲೆಬಾಳುವುದಾದರೂ ಬೆಲ್ಟ್ ಇಲ್ಲದವರನ್ನು ಅದು ಹಿಡಿದಿಡಲಾರದು. ಜೊತೆಗೆ, ಹಿಂದೆ ಬೆಲ್ಟ್ ಇಲ್ಲದೆ ಕುಳಿತವರು ಮುಂದಕ್ಕೆ ಎಸೆಯಲ್ಪಟ್ಟು ಮುಂದಿನ ಆಸನದವರ ಬೆನ್ನಿಗೆ ಬಡಿಯುತ್ತಾರೆ. ಒಬ್ಬರ ಅಲಕ್ಷ್ಯ ಇನ್ನೊಬ್ಬರಿಗೆ ಮುಳುವಾಗುತ್ತದೆ.

3. ಕಾನೂನು ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 138(3) ಚಾಲಕರು, ಮುಂದಿನ ಆಸನದವರು ಮತ್ತು ಮುಂದಕ್ಕೆ ಮುಖಮಾಡಿರುವ ಹಿಂದಿನ ಆಸನದವರು ಬೆಲ್ಟ್ ಧರಿಸಬೇಕೆಂದು ವಿಧಿಸಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆ, 1988ಕ್ಕೆ ಸೇರಿದ ಸೆಕ್ಷನ್ 194ಬಿ ಪ್ರಕಾರ ಬೆಲ್ಟ್ ಧರಿಸದೆ ವಾಹನ ಓಡಿಸಿದವರಿಗೂ ಬೆಲ್ಟ್ ಧರಿಸದ ಪ್ರಯಾಣಿಕರನ್ನು ಕರೆದೊಯ್ದವರಿಗೂ 1,000 ರೂ. ದಂಡವಿದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನ ಇಲ್ಲದಿದ್ದರೂ ಇಷ್ಟೇ ದಂಡ. ಸೆಕ್ಷನ್ 194ಎ ಪ್ರಕಾರ ಅನುಮತಿಗಿಂತ ಹೆಚ್ಚು ಪ್ರಯಾಣಿಕರನ್ನು ಕೂರಿಸಿದರೆ ಹೆಚ್ಚುವರಿಯಾದ ಪ್ರತಿಯೊಬ್ಬರಿಗೂ 200 ರೂ. ದಂಡ; ಅಷ್ಟೇ ಅಲ್ಲದೆ ಅವರಿಗೆ ಬೇರೆ ವಾಹನದ ವ್ಯವಸ್ಥೆ ಮಾಡುವವರೆಗೆ ವಾಹನ ಮುಂದೆ ಸಾಗುವಂತಿಲ್ಲ.

ಇಲ್ಲಿ ಸದಸ್ಯರು ಗಮನಿಸಬೇಕಾದ ಒಂದು ಅಂಶವಿದೆ. ನಿಯಮವು ಮುಂದಕ್ಕೆ ಮುಖಮಾಡಿದ ಆಸನಗಳ ಬಗ್ಗೆ ಮಾತ್ರ ಹೇಳುತ್ತದೆ. ನಮ್ಮ ಭಾಗದಲ್ಲಿ ಓಡಾಡುವ ಅನೇಕ ಕ್ರೂಸರ್‌ಗಳ ಹಿಂಭಾಗದಲ್ಲಿ ಎದುರುಬದುರಾಗಿ ಕೂರುವ ಅಡ್ಡ ಆಸನಗಳಿವೆ. ಅಲ್ಲಿ ಬೆಲ್ಟ್ ಇರುವುದಿಲ್ಲ. ಟಂಟಂನಲ್ಲಿ ಇಲ್ಲ, ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಹಳ್ಳಿಯ ಬಹುತೇಕ ಪ್ರಯಾಣಿಕರ ಮಟ್ಟಿಗೆ ಪ್ರಶ್ನೆಯು ಬೆಲ್ಟ್ ಧರಿಸುವುದಕ್ಕಿಂತ ಮೊದಲೇ, ಯಾವ ವಾಹನ ಹತ್ತಬೇಕು, ಯಾವ ಆಸನದಲ್ಲಿ ಕೂರಬೇಕು ಎಂಬಲ್ಲಿಂದಲೇ ಆರಂಭವಾಗುತ್ತದೆ.

4. ಕ್ಯಾಮೆರಾದ ಕಾರ್ಯ

ಕಾಯ್ದೆಯ ಸೆಕ್ಷನ್ 136ಎ ರಸ್ತೆ ಸುರಕ್ಷತೆಯ ಮೇಲೆ ವಿದ್ಯುನ್ಮಾನ ನಿಗಾ ಇಡಲು ಅವಕಾಶ ಕೊಟ್ಟಿದೆ. ಅದರ ವಿವರಗಳನ್ನು 2021ರ ಆಗಸ್ಟ್‌ನಲ್ಲಿ ಅಧಿಸೂಚಿಸಿದ ನಿಯಮ 167ಎ ತಿಳಿಸುತ್ತದೆ. ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಇಂಥ ವ್ಯವಸ್ಥೆಗೆ ಚಾಲನೆ ದೊರೆಯಿತು. ಬಳಿಕ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ಕ್ಯಾಮೆರಾಗಳು ಬಂದವು.

ಕ್ಯಾಮೆರಾ ಎರಡು ಕೆಲಸ ಮಾಡುತ್ತದೆ. ಮೊದಲನೆಯದಾಗಿ ನೋಂದಣಿ ಫಲಕವನ್ನು ಓದುತ್ತದೆ. ಎರಡನೆಯದಾಗಿ ಮುಂಭಾಗದ ಗಾಜಿನ ಮೂಲಕ ಚಿತ್ರ ತೆಗೆದು, ಎದೆಯ ಮೇಲೆ ಓರೆಯಾಗಿ ಹಾಯ್ದ ಪಟ್ಟಿ ಇದೆಯೇ ಎಂದು ತಂತ್ರಾಂಶದ ಮೂಲಕ ಪರಿಶೀಲಿಸುತ್ತದೆ. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಳಸುವ ಕ್ಯಾಮೆರಾಗಳು ರಾತ್ರಿಯಲ್ಲಿಯೂ ಚಿತ್ರ ತೆಗೆಯಬಲ್ಲವು. ವೇಗ, ಮೊಬೈಲ್ ಬಳಕೆ, ಹೆಲ್ಮೆಟ್ ಇಲ್ಲದ ಸವಾರಿಗಳನ್ನೂ ಇಂಥ ವ್ಯವಸ್ಥೆ ದಾಖಲಿಸಬಲ್ಲದು.

ನಾಗರಿಕರ ಹಕ್ಕುಗಳೂ ಇದೇ ನಿಯಮದಲ್ಲಿವೆ. ಕ್ಯಾಮೆರಾ ಇರುವ ರಸ್ತೆಯಲ್ಲಿ ಮುಂಚಿತವಾಗಿ ಎಚ್ಚರಿಕೆಯ ಫಲಕ ಹಾಕಿರಬೇಕು. ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು. ನೋಟಿಸ್ ಉಲ್ಲಂಘನೆಯಾದ 15 ದಿನಗಳ ಒಳಗೆ ತಲುಪಬೇಕು. ಅದರಲ್ಲಿ ವಾಹನದ ಫಲಕ ಕಾಣುವ ಚಿತ್ರ, ದಿನಾಂಕ, ಸಮಯ, ಸ್ಥಳದ ವಿವರ ಇರಬೇಕು. ತಪ್ಪು ನೋಟಿಸ್ ಬಂದಿದೆ ಎಂದು ಯಾರಾದರೂ ಪಂಚಾಯತಿ ಕಚೇರಿಗೆ ಬಂದರೆ ಮೊದಲು ಈ ವಿವರಗಳನ್ನು ಪರಿಶೀಲಿಸಲು ತಿಳಿಸಬೇಕು.

ಇನ್ನೊಂದು ವ್ಯಾವಹಾರಿಕ ವಿಷಯವಿದೆ. ನೋಟಿಸ್ ಹೋಗುವುದು ನೋಂದಣಿ ದಾಖಲೆಯಲ್ಲಿರುವ ಮಾಲೀಕರಿಗೆ. ಹಳ್ಳಿಗಳಲ್ಲಿ ಹಳೆಯ ವಾಹನವನ್ನು ಖರೀದಿಸಿ ವರ್ಷಗಟ್ಟಲೆ ಹೆಸರು ಬದಲಾಯಿಸದೆ ಓಡಿಸುವುದುಂಟು. ಅಂಥ ವಾಹನದ ದಂಡದ ಸಂದೇಶ ಹಿಂದಿನ ಮಾಲೀಕರಿಗೆ ಹೋಗುತ್ತದೆ; ಓಡಿಸುವವರಿಗೆ ತಮ್ಮ ತಪ್ಪು ತಿಳಿಯುವುದೇ ಇಲ್ಲ. ಅಪಘಾತವಾದರೆ ಹೊಣೆಯ ವ್ಯಾಜ್ಯವೂ ಹೆಸರಿದ್ದವರ ಮನೆ ಬಾಗಿಲಿಗೇ ಬರುತ್ತದೆ. ಹೆಸರು ವರ್ಗಾವಣೆ ಮತ್ತು ಮೊಬೈಲ್ ಸಂಖ್ಯೆಯ ತಿದ್ದುಪಡಿ ಮಾಡಿಸಿಕೊಳ್ಳುವಂತೆ ಗ್ರಾಮ ಸಭೆಯಲ್ಲಿ ತಿಳಿವಳಿಕೆ ನೀಡುವುದು ಪ್ರಯೋಜನಕಾರಿ.

5. ಕ್ಯಾಮೆರಾಕ್ಕೆ ಕಾಣದ್ದು

ಮುಂಭಾಗದ ಗಾಜಿನಿಂದ ತೆಗೆದ ಚಿತ್ರದಲ್ಲಿ ಚಾಲಕ ಮತ್ತು ಪಕ್ಕದವರು ಸ್ಪಷ್ಟವಾಗಿ ಕಾಣುತ್ತಾರೆ. ಹಿಂದಿನ ಆಸನ, ಅಡ್ಡ ಆಸನ, ತೊಡೆಯ ಮೇಲಿನ ಮಗು ಸರಿಯಾಗಿ ಕಾಣುವುದಿಲ್ಲ. ನಿಯಮವು ಕ್ಯಾಮೆರಾ ಅಳವಡಿಸಲು ಆದ್ಯತೆ ನೀಡಿರುವುದು ಹೆಚ್ಚು ಅಪಾಯದ, ಹೆಚ್ಚು ದಟ್ಟಣೆಯ ಹೆದ್ದಾರಿ ಭಾಗಗಳಿಗೆ ಮತ್ತು ದೊಡ್ಡ ನಗರಗಳಿಗೆ. ಊರಿನಿಂದ ಹೆದ್ದಾರಿ ಸೇರುವ ರಸ್ತೆ, ಹೊಲದ ರಸ್ತೆ, ಜಾತ್ರೆಯ ದಾರಿ ಅದರ ನೋಟದ ಹೊರಗೇ ಉಳಿಯುತ್ತವೆ.

ಕ್ಯಾಮೆರಾವನ್ನು ವಂಚಿಸುವ ರೂಢಿಯೂ ಬೆಳೆದಿದೆ. ಕ್ಯಾಮೆರಾದ ಫಲಕ ಕಂಡಾಗ ಬೆಲ್ಟನ್ನು ಎದೆಯ ಮೇಲೆ ಎಳೆದುಕೊಂಡು ದಾಟಿದ ಮೇಲೆ ಬಿಡುವುದು, ಬೆಲ್ಟನ್ನು ಬೆನ್ನ ಹಿಂದಿನಿಂದ ಸಿಕ್ಕಿಸಿ ಅದರ ಮೇಲೆ ಕೂರುವುದು, ಎಚ್ಚರಿಕೆಯ ಸದ್ದು ನಿಲ್ಲಿಸಲು ಬೇರೊಂದು ಕ್ಲಿಪ್ ಸಿಕ್ಕಿಸುವುದು ಇದರ ಮಾದರಿಗಳು. ಇಂಥ ಕ್ಲಿಪ್‌ಗಳ ಮಾರಾಟವನ್ನು ನಿಲ್ಲಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಮೇ ತಿಂಗಳಲ್ಲಿ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶಿಸಿತು. ಏರ್‌ಬ್ಯಾಗ್ ಇದೆ, ಬೆಲ್ಟ್ ಬೇಡ ಎಂಬ ವಾದವೂ ನಿಲ್ಲದು. ಬೆಲ್ಟ್ ಧರಿಸಿ ಸರಿಯಾದ ಜಾಗದಲ್ಲಿ ಕುಳಿತವರಿಗೆ ಹೆಚ್ಚುವರಿ ರಕ್ಷಣೆ ಕೊಡಲೆಂದೇ ಏರ್‌ಬ್ಯಾಗ್ ರೂಪುಗೊಂಡಿದೆ.

ಬಾಕಿ ಉಳಿದ ಸಂಚಾರ ದಂಡಗಳಿಗೆ ರಾಜ್ಯ ಸರ್ಕಾರವು 2023ರ ಫೆಬ್ರುವರಿಯಲ್ಲಿ ಶೇ. 50ರ ರಿಯಾಯಿತಿ ನೀಡಿತ್ತು. ದಂಡವನ್ನು ಮುಂದೂಡಬಹುದು, ಅರ್ಧ ಕಟ್ಟಿ ಮುಗಿಸಬಹುದು. ಡಿಕ್ಕಿಯ ಹೊಡೆತಕ್ಕೆ ಆ ಅವಕಾಶವಿಲ್ಲ. ದಂಡದ ಭಯದಿಂದ ಮಾತ್ರ ಬೆಲ್ಟ್ ಧರಿಸುವವರು ಕ್ಯಾಮೆರಾ ಇಲ್ಲದ ಕಡೆ ಅದನ್ನು ತೆಗೆಯುತ್ತಾರೆ. ಅಪಘಾತಕ್ಕೆ ಜಾಗದ ನಿರ್ಬಂಧವಿಲ್ಲ.

6. ಗ್ರಾಮ ಪಂಚಾಯತಿ ಮಾಡಬಹುದಾದದ್ದು

ಸಂಚಾರ ದಂಡ ವಿಧಿಸುವ ಅಧಿಕಾರ ಗ್ರಾಮ ಪಂಚಾಯತಿಗಿಲ್ಲ. ಆದರೆ ಕ್ಯಾಮೆರಾಕ್ಕೆ ಇಲ್ಲದ ಒಂದು ಅನುಕೂಲ ಪಂಚಾಯತಿಗಿದೆ: ಯಾರು ಯಾವಾಗ ಯಾವ ವಾಹನದಲ್ಲಿ ಹೊರಡುತ್ತಾರೆ ಎಂಬುದು ಹೊರಡುವ ಮೊದಲೇ ಊರಿಗೆ ತಿಳಿದಿರುತ್ತದೆ.

ಅ) ಪಂಚಾಯತಿಯ ಸ್ವಂತ ವಾಹನ. ಸ್ವಚ್ಛ ವಾಹಿನಿಯನ್ನು ಅನೇಕ ಪಂಚಾಯತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಓಡಿಸುತ್ತಿದ್ದಾರೆ. ಚಾಲಕಿ ಮತ್ತು ಪಕ್ಕದ ಸಹಾಯಕಿ ಬೆಲ್ಟ್ ಧರಿಸುವುದು, ಸಿಬ್ಬಂದಿಯನ್ನು ಕಸದ ಡಬ್ಬಿಯ ಮೇಲೆ ಅಥವಾ ಹಿಂಬದಿಯಲ್ಲಿ ನಿಲ್ಲಿಸದಿರುವುದು ಕಡ್ಡಾಯವಾಗಬೇಕು. ಪ್ರತಿ ತಿಂಗಳು ಬೆಲ್ಟ್, ಬ್ರೇಕ್, ದೀಪ, ಟೈರ್ ಪರಿಶೀಲಿಸಿ ಲಾಗ್ ಪುಸ್ತಕದಲ್ಲಿ ನಮೂದಿಸಬೇಕು. ಊರಿಗೆ ಹೇಳುವ ಮೊದಲು ತನ್ನ ವಾಹನವನ್ನು ಸರಿಪಡಿಸಿಕೊಂಡ ಪಂಚಾಯತಿಯ ಮಾತಿಗೆ ತೂಕವಿರುತ್ತದೆ.

ಆ) ಬಾಡಿಗೆ ವಾಹನ. ತರಬೇತಿ, ಸಭೆ, ಅಧ್ಯಯನ ಪ್ರವಾಸಗಳಿಗೆ ವಾಹನ ಪಡೆಯುವಾಗ ಎಲ್ಲ ಆಸನಗಳಲ್ಲಿ ಕೆಲಸ ಮಾಡುವ ಬೆಲ್ಟ್ ಇರಬೇಕೆಂಬ ಷರತ್ತನ್ನು ಸೇರಿಸಬೇಕು. ಮಾನ್ಯ ಸದಸ್ಯರು ಸ್ವತಃ ಹಿಂದಿನ ಆಸನದಲ್ಲಿ ಬೆಲ್ಟ್ ಧರಿಸಿದರೆ ಚಾಲಕರಿಗೆ ಬೇರೆ ಉಪದೇಶ ಬೇಕಾಗದು.

ಇ) ಜಾತ್ರೆ, ಮದುವೆ, ಅಮಾವಾಸ್ಯೆ. ಗಾಣಗಾಪುರ, ಘತ್ತರಗಿ, ಸವದತ್ತಿಗೆ ಹೊರಡುವ ದಿನಗಳಲ್ಲಿ ವಾಹನಗಳು ತುಂಬಿ ತುಳುಕುತ್ತವೆ. ಬೇಡವೆಂದು ಹೇಳಿದರೆ ಸಾಲದು, ಪರ್ಯಾಯವನ್ನು ತೋರಿಸಬೇಕು. ಹೆಚ್ಚುವರಿ ಬಸ್ ಬೇಕೆಂದು ಪಂಚಾಯತಿಯು ಮುಂಚಿತವಾಗಿ ಠರಾವು ಮಾಡಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಘಟಕ ವ್ಯವಸ್ಥಾಪಕರಿಗೆ ಸಲ್ಲಿಸಬಹುದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿರುವುದರಿಂದ ಮನೆಯ ಖರ್ಚೂ ಉಳಿಯುತ್ತದೆ. ಮದುವೆ ದಿಬ್ಬಣಕ್ಕೆ ಸಾಂದರ್ಭಿಕ ಒಪ್ಪಂದದ ಮೇಲೆ ನಿಗಮದ ಬಸ್ ಪಡೆಯಬಹುದು.

ಈ) ಚಾಲಕರ ಸಭೆ. ಊರಿನ ಕ್ರೂಸರ್, ಟಂಟಂ, ಟ್ರ್ಯಾಕ್ಟರ್ ಚಾಲಕರನ್ನು ವರ್ಷಕ್ಕೆ ಎರಡು ಬಾರಿಯಾದರೂ ಕರೆದು ಮಾತನಾಡಬೇಕು. ಬಾಡಿಗೆ ತಪ್ಪೀತೆಂಬ ಭಯದಿಂದ ಅವರು ಹೆಚ್ಚು ಜನರನ್ನು ಕೂರಿಸುತ್ತಾರೆ, ನಿದ್ದೆಗೆಟ್ಟು ಓಡಿಸುತ್ತಾರೆ. ಆದ್ದರಿಂದ ಮಾತು ದೂಷಣೆಯಾಗದೆ ಒಪ್ಪಂದವಾಗಬೇಕು. ಎಲ್ಲ ಚಾಲಕರೂ ಒಟ್ಟಾಗಿ ಆಸನದ ಮಿತಿಗೆ ಒಪ್ಪಿದರೆ ಯಾರಿಗೂ ಬಾಡಿಗೆ ತಪ್ಪುವುದಿಲ್ಲ. ಸಾರಿಗೆ ವಾಹನ ಚಾಲಕರ ದುಡಿಮೆಯ ಅವಧಿಗೆ ಸೆಕ್ಷನ್ 91 ಅನ್ವಯಿಸುತ್ತಿದ್ದ, 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆಯ ಮಿತಿಯನ್ನೂ, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆಯ ವಿರಾಮವನ್ನೂ ಹೇಳುತ್ತಿತ್ತು. ರಾತ್ರಿಯ ದೂರ ಪ್ರಯಾಣಕ್ಕೆ ಇಬ್ಬರು ಚಾಲಕರಿರಲಿ ಎಂದು ವಾಹನ ಗೊತ್ತು ಮಾಡುವವರೇ ಕೇಳಬೇಕು.

ಉ) ಸರಕು ವಾಹನದಲ್ಲಿ ಕೂಲಿಕಾರರು. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋದವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಆಶಾ ರಾಣಿ ನಡುವಿನ ಪ್ರಕರಣದಲ್ಲಿ ತೀರ್ಪಿತ್ತಿದೆ. ಸರಕಿನ ಜೊತೆ ಹೋಗುವ ಅದರ ಮಾಲೀಕ ಅಥವಾ ಪ್ರತಿನಿಧಿಯ ವಿಚಾರ ಬೇರೆ. ದುಡಿಯುವ ಕೈ ಹೋದ ಮನೆಗೆ ವಿಮೆಯೂ ದಕ್ಕದೆ ಹೋಗಬಹುದೆಂಬುದನ್ನು ಕೂಲಿಕಾರರಿಗೂ ಅವರನ್ನು ಕರೆದೊಯ್ಯುವವರಿಗೂ ತಿಳಿಸಬೇಕು.

ಊ) ಊರಿನ ರಸ್ತೆ. ಹೆದ್ದಾರಿ ಸೇರುವ ತಿರುವಿನಲ್ಲಿ ಬೀದಿ ದೀಪ ಉರಿಯುವಂತೆ ನೋಡಿಕೊಳ್ಳುವುದು, ದೃಷ್ಟಿಗೆ ಅಡ್ಡಬರುವ ಜಾಲಿ ಕಂಟಿ ಕಡಿಸುವುದು ಪಂಚಾಯತಿಯ ಕೈಯಲ್ಲಿದೆ. ಮತ್ತೆ ಮತ್ತೆ ಅಪಘಾತವಾಗುವ ಜಾಗದ ವಿವರವನ್ನು ಠರಾವಿನೊಂದಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳುಹಿಸಬೇಕು. ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಗಳ ಹಿಂಬದಿಗೆ ಪ್ರತಿಫಲಕ ಪಟ್ಟಿ ಅಂಟಿಸಲು, ಕತ್ತಲಲ್ಲಿ ರಸ್ತೆಯ ಮೇಲೆ ನಿಲ್ಲಿಸದಿರಲು ರೈತರನ್ನು ಮತ್ತು ಕಾರ್ಖಾನೆಗಳನ್ನು ಒತ್ತಾಯಿಸಬೇಕು.

7. ಬೆಲ್ಟ್ ಧರಿಸುವ ಕ್ರಮ

ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಬಿಗಿಯಾಗಿ ಕೂರಬೇಕು. ಮೇಲಿನ ಪಟ್ಟಿ ಕುತ್ತಿಗೆಗೆ ತಾಗದೆ ಭುಜದ ನಡುವಿನಿಂದ ಎದೆಯನ್ನು ಹಾಯಬೇಕು. ಕಂಕುಳ ಕೆಳಗಿನಿಂದ ತರಬಾರದು. ಗರ್ಭಿಣಿಯರೂ ಬೆಲ್ಟ್ ಧರಿಸಬೇಕು: ಕೆಳಪಟ್ಟಿ ಹೊಟ್ಟೆಯ ಕೆಳಗೆ, ಮೇಲಿನ ಪಟ್ಟಿ ಎದೆಯ ನಡುವೆ, ಹೊಟ್ಟೆಯ ಪಕ್ಕಕ್ಕೆ ಸರಿದಂತೆ ಇರಲಿ. ಒಂದು ಬೆಲ್ಟಿನಲ್ಲಿ ಇಬ್ಬರು ಕೂರಬಾರದು. ಸುಮಾರು 135 ಸೆಂ.ಮೀ. ಎತ್ತರ ಬೆಳೆಯುವವರೆಗೆ ಮಕ್ಕಳಿಗೆ ಅವರ ಅಳತೆಯ ಸುರಕ್ಷಾ ಆಸನ ಬೇಕು; ದೊಡ್ಡವರ ಪಟ್ಟಿ ಅವರ ಕುತ್ತಿಗೆಗೆ ಬರುತ್ತದೆ.

8. ಅಪಘಾತವಾದಾಗ

ಮೊದಲ ಒಂದು ಗಂಟೆಯನ್ನು ಕಾಯ್ದೆಯೇ ಸುವರ್ಣ ಗಂಟೆಯೆಂದು ಗುರುತಿಸಿದೆ. 112 ಅಥವಾ 108ಕ್ಕೆ ಕರೆ ಮಾಡಿ ಊರು, ಕಿಲೋಮೀಟರ್ ಕಲ್ಲಿನ ಗುರುತು ಹೇಳಬೇಕು. ಗಾಯಾಳುವಿಗೆ ನೆರವಾದವರನ್ನು ಸೆಕ್ಷನ್ 134ಎ ರಕ್ಷಿಸುತ್ತದೆ. ಅವರ ಹೆಸರು, ವಿಳಾಸ ಹೇಳುವಂತೆ ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂ. ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಗಂಭೀರವಾಗಿ ಗಾಯಗೊಂಡವರನ್ನು ಸುವರ್ಣ ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ‘ರಾಹ್‌ವೀರ್’ ಯೋಜನೆಯಡಿ 25,000 ರೂ. ಬಹುಮಾನವಿದೆ. ಈ ವಿವರಗಳನ್ನು ಹೆದ್ದಾರಿ ಬದಿಯ ಗ್ರಾಮಗಳ ಬಸ್ ನಿಲ್ದಾಣದಲ್ಲಿ, ಕ್ರಾಸ್‌ನಲ್ಲಿ ಬರೆಸುವುದು ಸೂಕ್ತ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಸ್ವಚ್ಛ ವಾಹಿನಿಯ ಬೆಲ್ಟ್‌ಗಳು ಕೆಲಸ ಮಾಡುತ್ತಿವೆಯೇ? ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ?

2. ಮುಂದಿನ ಜಾತ್ರೆ ಅಥವಾ ಅಮಾವಾಸ್ಯೆಗೆ ನಮ್ಮ ಊರಿನಿಂದ ಎಷ್ಟು ಜನರು, ಯಾವ ವಾಹನಗಳಲ್ಲಿ ಹೊರಡುತ್ತಾರೆ? ಬಸ್ಸಿಗಾಗಿ ಠರಾವು ಕಳುಹಿಸಲಾಗಿದೆಯೇ?

3. ನಮ್ಮ ವ್ಯಾಪ್ತಿಯಲ್ಲಿ ಹೆದ್ದಾರಿ ಸೇರುವ ತಿರುವುಗಳೆಷ್ಟು? ಅಲ್ಲಿ ದೀಪ, ಫಲಕ ಇವೆಯೇ?

4. ಕೂಲಿಗೆ ಹೋಗುವವರು ದಿನವೂ ಹತ್ತುವ ವಾಹನ ಯಾವುದು? ಅದರಲ್ಲಿ ಕೂರಬಹುದಾದವರು ಎಷ್ಟು, ಕೂರುವವರು ಎಷ್ಟು?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಪ್ರತಿ ವಾರ್ಡಿನ ಸದಸ್ಯರು ಒಂದು ಬೆಳಿಗ್ಗೆ ಕ್ರಾಸ್‌ನಲ್ಲಿ ನಿಂತು ಎಣಿಸಿ ಬರೆದುಕೊಂಡು ಸಭೆಗೆ ತರುವುದು. ಮುಂದಿನ ಕ್ರಮವನ್ನು ಆ ಎಣಿಕೆಯ ಆಧಾರದ ಮೇಲೆ ನಿರ್ಧರಿಸುವುದು.